ಎಲಿಜಬೆತ್ ಟಿಲಿ ಹೌಲಂಡ್ : ವಂಶಾನ್ವೇಷಣೆ

ಎಲಿಜಬೆತ್ ಟಿಲಿ ಹೌಲಂಡ್ (1607-1687) : ಉತ್ತರ ಅಮೆರಿಕದ ಪ್ಲಿಮತ್ ವಸಾಹತನ್ನು ಸ್ಥಾಪಿಸಿದ ಇಂಗ್ಲಿಷ್ ನೆಲಸಿಗರಲ್ಲೊಬ್ಬಳು. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ತಂದೆತಾಯಿಯರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ಹದಿಮೂರು ವರ್ಷದ ಬಾಲಿಕೆಯಾಗಿದ್ದ ಈಕೆ, ಕೆಲವೇ ತಿಂಗಳುಗಳಲ್ಲಿ ಅನಾಥಳಾಗಿ, ಮುಂದೆ ಜಾನ್ ಹೌಲಂಡ್ ಎಂಬುವನ ಕೈಹಿಡಿದು, ಹತ್ತು ಮಕ್ಕಳ ತಾಯಿಯಾಗಿ ಎಂಬತ್ತು ವರ್ಷ ಬಾಳಿದಳು. ಅಮೆರಿಕದ ಅಸಂಖ್ಯಾತ ಕುಟುಂಬಗಳು ಈಕೆಯನ್ನು ತಮ್ಮ ಮೂಲಮಾತೆಯೆಂದು ಗಣಿಸುತ್ತವೆ. ಹೀಗಿದ್ದರೂ ಈಕೆ ಯಾರ ಮಗಳು, ಯಾವ ಊರಿನವಳು ಎಂಬ ಎರಡು ಸರಳವಾದ ಪ್ರಶ್ನೆಗಳಿಗೆ ನಿಶ್ಚಿತವಾದ ಉತ್ತರ ದೊರೆಯುವುದಕ್ಕೆ ಮೂರೂವರೆ ಶತಮಾನಗಳೇ ಹಿಡಿದುವು. ಆರಂಭಕಾಲದ ವಸಾಹತುಗಳಲ್ಲಿ ನೆಲಸಿದ ಇಂಗ್ಲಿಷ್ ಮಹಿಳೆಯರ ವಂಶವನ್ನು ಅರಸುವ ಕಾರ್ಯದಲ್ಲಿ ಎದುರಾಗುವ ತೊಡಕುಗಳೆಲ್ಲವೂ, ಅವುಗಳನ್ನು ಬಿಡಿಸಿದ ಉಪಾಯಗಳೂ ಈಕೆಯೊಬ್ಬಳ ವೃತ್ತಾಂತದಲ್ಲಿಯೇ ಗೋಚರಿಸುತ್ತವೆ.

ಜೀವನ

ಮೇಫ್ಲವರ್ ಹಡಗು 102 ಪ್ರಯಾಣಿಕರೊಡನೆ 1620ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ರೇವನ್ನು ಬಿಟ್ಟು ನವೆಂಬರಿನಲ್ಲಿ ಕೇಪ್ ಕಾಡ್ ಭೂಶಿರವನ್ನು ಸೇರಿತು. ನೆಲಕ್ಕಿಳಿಯುವ ಮುನ್ನ ಸ್ವಯಮಾಡಳಿತಕ್ಕಾಗಿ ಬರೆದುಕೊಂಡ ಪ್ರಸಿದ್ಧ ಒಡಂಬಡಿಕೆಗೆ 41 ಮಂದಿ ಪುರುಷರು ಅಂಕಿತ ಹಾಕಿದರು. ಅವರಲ್ಲಿ ಎಲಿಜಬೆತಳ ತಂದೆ ಜಾನ್ ಟಿಲಿಯೂ, ಚಿಕ್ಕಪ್ಪ ಎಡ್ವರ್ಡ್ ಟಿಲಿಯೂ ಇದ್ದರು. ನೆಲಸಿಗರು ಆಯ್ದುಕೊಂಡ ಎಡೆ ವಾಸ್ತವವಾಗಿ ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಗ್ರಾಮವಾಗಿದ್ದು, 1616ರಿಂದ 1619ರ ವರೆಗೆ ಹಬ್ಬಿದ ಮಹಾಮಾರಿಯಿಂದ ಜನಶೂನ್ಯವಾಗಿತ್ತು. ಆ ಚಳಿಗಾಲದ ಶೀತ, ಕ್ಷಾಮ, ರೋಗಗಳಿಗೆ ಹಡಗಿನಲ್ಲಿ ಬಂದವರ ಅರ್ಧದಷ್ಟು ಜನ ಬಲಿಯಾದರು. ಹದಿನೆಂಟು ಮಂದಿ ವಿವಾಹಿತ ಸ್ತ್ರೀಯರಲ್ಲಿ ಮೊದಲ ಸುಗ್ಗಿಯನ್ನು ಕಂಡವರು ನಾಲ್ವರು ಮಾತ್ರ. ಎಲಿಜಬೆತಳ ತಂದೆ, ತಾಯಿ, ಚಿಕ್ಕಪ್ಪ, ಚಿಕ್ಕಮ್ಮ ನಾಲ್ವರೂ ಅಲ್ಪಾವಧಿಯಲ್ಲಿಯೇ ಗತಿಸಿದರು. ನಿರಾಶ್ರಿತಳಾದ ಬಾಲಿಕೆಗೆ ವಸಾಹತಿನ ಪ್ರಥಮ ಗವರ್ನರ್ ಜಾನ್ ಕಾರ್ವರನ ಮನೆಯಲ್ಲಿ ಆಶ್ರಯ ದೊರೆತಿರಬೇಕೆಂಬುದು ಇತಿಹಾಸಕಾರರ ಊಹೆ. ಆದರೆ 1621ರ ವಸಂತದಲ್ಲಿ ಕಾರ್ವರನೂ, ಅವನ ಹಿಂದೆಯೇ ಅವನ ಪತ್ನಿಯೂ ಮೃತರಾದರು.

ಕಾರ್ವರನ ಪರಿವಾರದ ಸೇವಕರಲ್ಲಿ ಹಂಟಿಂಗ್‌ಡನ್‌ಷೈರಿನ ಫೆನ್‌ಸ್ಟಾಂಟನ್ ಊರಿನ ಜಾನ್ ಹೌಲಂಡ್ ಒಬ್ಬ. ಸಮುದ್ರಯಾನದ ನಡುವೆ ಬಿರುಗಾಳಿಗೆ ಸಿಕ್ಕಿ ಹಡಗಿನಿಂದಾಚೆ ಬಿದ್ದು, ನೀರಿನಲ್ಲಿ ತೂಗಾಡುತ್ತಿದ್ದ ಹಾಯಿಯ ಹಗ್ಗವನ್ನು ಬಿಗಿಹಿಡಿದು ಬದುಕಿಕೊಂಡವನೆಂದು ಇವನನ್ನು ವಸಾಹತಿನ ಚರಿತ್ರಕಾರ ವಿಲಿಯಮ್ ಬ್ರಾಡ್‌ಫರ್ಡ್ ವರ್ಣಿಸಿದ್ದಾನೆ. ಇವನು ಕ್ರಮೇಣ ಸ್ವತಂತ್ರ ಗೃಹಸ್ಥನಾಗಿ, ವಸಾಹತಿನ ಸಾಲದ ಹೊಣೆಯನ್ನು ಹೊತ್ತ ಪ್ರಮುಖರಲ್ಲೊಬ್ಬನಾಗಿ, ಕೆನೆಬೆಕ್ ನದಿಯ ವ್ಯಾಪಾರಕೇಂದ್ರದ ಮೇಲ್ವಿಚಾರಕನಾಗಿ ಗಣ್ಯತೆಯನ್ನು ಗಳಿಸಿದ. ಎಲಿಜಬೆತಳೊಡನೆ ಇವನ ವಿವಾಹ 1623ರ ಸುಮಾರಿನಲ್ಲಿ ನಡೆಯಿತು. 1627ರ ಮೇ 22ರಂದು ವಸಾಹತಿನ ದನಕರುಗಳನ್ನು ಹದಿಮೂರು ಮಂದಿಗೊಂದು ಗುಂಪಿನಂತೆ ಹನ್ನೆರಡು ಗುಂಪುಗಳಿಗೆ ಹಂಚಿದ ಪಟ್ಟಿಯಲ್ಲಿ ಜಾನ್ ಹೌಲಂಡ್, ಅವನ ಹೆಂಡತಿ ಎಲಿಜಬೆತ್, ಮಗ ಜಾನ್, ಮಗಳು ಡಿಸೈರ್ ಎಂಬ ನಾಲ್ಕು ಹೆಸರುಗಳಿವೆ. ನಾಲ್ವರು ಗಂಡು, ಆರು ಮಂದಿ ಹೆಣ್ಣುಮಕ್ಕಳು ಹೀಗೆ ಹತ್ತು ಮಕ್ಕಳೂ ಪ್ರಾಯಕ್ಕೆ ಬಂದು ಸಂಸಾರವಂತರಾದದ್ದು, ಆ ಕಾಲದ ಶಿಶುಮರಣವನ್ನು ಬಲ್ಲವರಿಗೆ ಸೋಜಿಗದ ಸಂಗತಿಯಾಗಿ ತೋರದಿರದು.

1673ರಲ್ಲಿ ಪತಿಯನ್ನು ಕಳೆದುಕೊಂಡ ಎಲಿಜಬೆತ್ ಕೆಲವು ಕಾಲ ಪ್ಲಿಮತ್ತಿನಲ್ಲಿ ಮಗ ಜೇಬೆಜನ ಮನೆಯಲ್ಲಿದ್ದು, ಅನಂತರ ಸ್ವಾನ್ಸೀ ಎಂಬಲ್ಲಿ ಮಗಳು ಲಿಡಿಯಾ ಬ್ರೌನಳ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದು 1687ರ ಡಿಸೆಂಬರಿನಲ್ಲಿ ದೈವಾಧೀನಳಾದಳು. ವಾಂಪನೋಗರಿಗೂ ಇಂಗ್ಲಿಷರಿಗೂ ನಡುವೆ 1675ರಲ್ಲಿ ಹತ್ತಿ ಉರಿದ ಘೋರಯುದ್ಧದ ಮೊದಲ ಕಿಡಿ ಸಿಡಿದದ್ದು ಈ ಸ್ವಾನ್ಸೀಯಲ್ಲಿಯೇ. ಆಕೆಯ ಸಮಾಧಿ ಇಂದು ರೋಡ್ ಐಲಂಡ್ ರಾಜ್ಯಕ್ಕೆ ಸೇರಿದ ಈಸ್ಟ್ ಪ್ರಾವಿಡೆನ್ಸಿನ ಲಿಟ್ಲ್ ನೆಕ್ ಸ್ಮಶಾನದಲ್ಲಿದೆ.

ಗವರ್ನರನ ಮಗಳೆಂಬ ಐತಿಹ್ಯ

ಹೌಲಂಡ್ ಸಂತತಿಯವರಲ್ಲಿ ತಲೆಮಾರುಗಳಿಂದ ಹರಿದುಬಂದ ನಂಬಿಕೆಯ ಪ್ರಕಾರ ಜಾನ್ ಹೌಲಂಡನ ಪತ್ನಿ ಗವರ್ನರ್ ಕಾರ್ವರನ ಮಗಳು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಸ್ಥಳೀಯ ಇತಿಹಾಸಕಾರರೂ ಇದನ್ನೇ ಅನುಸರಿಸಿದರು. ಪ್ಲಿಮತ್ತಿನ ಬರಿಯಲ್ ಹಿಲ್ ಸ್ಮಶಾನದಲ್ಲಿ ವಂಶಜರು ಹೌಲಂಡನ ಸ್ಮಾರಕವಾಗಿ ಆ ಕಾಲದಲ್ಲಿ ನಿಲ್ಲಿಸಿದ ಕಲ್ಲಿನ ಮೇಲೂ ಈ ಮಾತೇ ಕೆತ್ತಲ್ಪಟ್ಟಿತು. ಐತಿಹ್ಯ ನಿರಾಧಾರವಾದರೂ ನಿಷ್ಕಾರಣವಲ್ಲ. ಹೌಲಂಡ್ ಕಾರ್ವರನ ಮನೆಯಲ್ಲಿದ್ದವನು. ಬಾಲಿಕೆಯೂ ಬಹುಶಃ ಅದೇ ಮನೆಯಲ್ಲಿ ಬೆಳೆದವಳು. ಎರಡು ತಲೆಮಾರು ಕಳೆಯುವುದರೊಳಗೆ ಸಾಕಿದವನು ಹಡೆದವನಾಗಿ ಪರಿವರ್ತಿತನಾಗುವುದು ಮನೆಮಾತಿನ ಸ್ವಭಾವ. ಅದಕ್ಕಿಂತಲೂ ಪ್ರಬಲವಾದ ಇನ್ನೊಂದು ಕಾರಣವುಂಟು. ಕುಟುಂಬದ ಸ್ಮೃತಿ ಯಾವಾಗಲೂ ಮೇಲ್ಮುಖವಾಗಿ ಚಲಿಸುತ್ತದೆ. ಹಳ್ಳಿಯ ಸಾಮಾನ್ಯನಿಗಿಂತ ಗವರ್ನರನನ್ನು ಪೂರ್ವಜನನ್ನಾಗಿ ಆರಿಸಿಕೊಳ್ಳುವುದೇ ಅದಕ್ಕೆ ಪ್ರಿಯ. ಲಿಖಿತಸಾಕ್ಷ್ಯ ಮೌನವಾಗಿರುವ ಕಡೆಗಳಲ್ಲೆಲ್ಲ ಇಂತಹ ಪ್ರತಿಷ್ಠಾಪ್ರೇಮ ಆ ಮೌನವನ್ನು ತನ್ನ ಇಚ್ಛೆಯಂತೆ ತುಂಬುತ್ತದೆ.

ಬ್ರಾಡ್‌ಫರ್ಡನ ಹಸ್ತಪ್ರತಿ

ಈ ನಂಬಿಕೆಯನ್ನು ಕೆಡವಿದುದು ಒಂದು ಪುಸ್ತಕದ ಪುನಃಪ್ರಾಪ್ತಿ. ವಸಾಹತಿನ ಗವರ್ನರನಾಗಿ ಬಹುಕಾಲ ಆಳಿದ ವಿಲಿಯಮ್ ಬ್ರಾಡ್‌ಫರ್ಡ್ ತನ್ನ ಕೈಯಿಂದ ಬರೆದಿಟ್ಟ ಪ್ಲಿಮತ್ ಚರಿತ್ರೆಯ ಹಸ್ತಪ್ರತಿ ಅವನ ವಂಶಜರಿಂದ ಪಾದ್ರಿ ಥಾಮಸ್ ಪ್ರಿನ್ಸನ ಕೈಸೇರಿ, ಬಾಸ್ಟನ್ನಿನ ಓಲ್ಡ್ ಸೌತ್ ಚರ್ಚಿನ ಗೋಪುರದಲ್ಲಿದ್ದ ಅವನ ಗ್ರಂಥಸಂಗ್ರಹದಲ್ಲಿ ಸುರಕ್ಷಿತವಾಗಿತ್ತು. ಅಮೆರಿಕದ ಸ್ವಾತಂತ್ರ್ಯಸಂಗ್ರಾಮದ ಗೊಂದಲದಲ್ಲಿ ಅದು ಕಣ್ಮರೆಯಾಯಿತು. 1844ರಲ್ಲಿ ಸ್ಯಾಮ್ಯುಅಲ್ ವಿಲ್ಬರ್‌ಫೋರ್ಸ್ ಪ್ರಕಟಿಸಿದ ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಇತಿಹಾಸದಲ್ಲಿ, ಲಂಡನ್ ಬಿಷಪ್ಪನ ಫುಲಮ್ ಅರಮನೆಯ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯೊಂದರಿಂದ ಉದ್ಧೃತವಾದ ಭಾಗಗಳಿದ್ದುವು. ಅವು ಬ್ರಾಡ್‌ಫರ್ಡನ ವಾಕ್ಯಗಳೇ ಎಂಬುದು 1855ರಲ್ಲಿ ಬಾಸ್ಟನ್ನಿನ ವಿದ್ವಾಂಸರ ಗಮನಕ್ಕೆ ಬಂದು, ಮರುವರ್ಷ ಮ್ಯಾಸಚುಸೆಟ್ಸ್ ಇತಿಹಾಸ ಸಂಘ ಗ್ರಂಥವನ್ನು ಮುದ್ರಿಸಿತು. ಮೂಲಪ್ರತಿ 1897ರಲ್ಲಿ ಮ್ಯಾಸಚುಸೆಟ್ಸಿಗೆ ಹಿಂದಿರುಗಿತು.

ಈ ಗ್ರಂಥದ ಅಂತ್ಯದಲ್ಲಿ, ಸಮುದ್ರಯಾನ ನಡೆದ ಮೂವತ್ತು ವರ್ಷಗಳ ತರುವಾಯ ಬ್ರಾಡ್‌ಫರ್ಡ್ ಸಿದ್ಧಪಡಿಸಿದ ಪಟ್ಟಿಯೊಂದಿದೆ. ಹಡಗಿನಲ್ಲಿ ಯಾವ ಯಾವ ಪರಿವಾರಗಳು ಬಂದುವು, ಅವರಲ್ಲಿ ಯಾರು ಅಳಿದರು, ಉಳಿದವರ ಸಂತಾನ ಎಷ್ಟು ಎಂಬುದನ್ನು ಅವನು ಅದರಲ್ಲಿ ದಾಖಲಿಸಿದ್ದಾನೆ. ಜಾನ್ ಟಿಲಿ, ಅವನ ಹೆಂಡತಿ, ಅವರ ಮಗಳು ಎಲಿಜಬೆತ್ ಬಂದರೆಂದೂ, ದಂಪತಿಗಳು ಬೇಗನೆ ಮಡಿದರೆಂದೂ, ಜಾನ್ ಹೌಲಂಡ್ ಮದುವೆಯಾದದ್ದು ಈ ಎಲಿಜಬೆತಳನ್ನೆಂದೂ, ಹತ್ತು ಮಕ್ಕಳೊಡನೆ ಇಬ್ಬರೂ ಬದುಕಿರುವರೆಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಸಾಕ್ಷಿಯಾದವನು ಅದೇ ಹಡಗಿನಲ್ಲಿ ಬಂದು, ಅದೇ ಊರಿನಲ್ಲಿ ಈ ದಂಪತಿಗಳ ನೆರೆಯವನಾಗಿ ಬಾಳಿದವನಾದ್ದರಿಂದ ವಿವಾದಕ್ಕೆ ಎಡೆಯುಳಿಯಲಿಲ್ಲ. ಬರಿಯಲ್ ಹಿಲ್ಲಿನ ಸ್ಮಾರಕದಲ್ಲಿಯೂ ಮುಂದೆ ಕಾರ್ವರನ ಹೆಸರಿನ ಎಡೆಯಲ್ಲಿ ಜಾನ್ ಟಿಲಿಯ ಹೆಸರು ಬಂದಿತು.

ಹೆನ್ಲೊ ಗ್ರಾಮದ ದಾಖಲೆ

ತಂದೆ ಯಾರೆಂಬುದು ಇತ್ಯರ್ಥವಾಯಿತು. ತಾಯಿ ಯಾರು, ತವರೂರು ಯಾವುದು ಎಂಬುದು ಉಳಿಯಿತು. ಬ್ರಾಡ್‌ಫರ್ಡ್ ಅನೇಕ ಸ್ತ್ರೀಯರನ್ನು ‘ಅವನ ಹೆಂಡತಿ’ ಎಂದಷ್ಟೇ ಕರೆದು ಮುಂದೆ ಸಾಗಿದ್ದಾನೆ. ಜಾನ್ ಟಿಲಿಯ ಪತ್ನಿಗೂ ಅವನಿಂದ ಹೆಸರು ದೊರೆಯಲಿಲ್ಲ. ಇಲ್ಲಿಯೂ ಊಹೆ ಶೂನ್ಯವನ್ನು ತುಂಬಿತು. ಯಾತ್ರಿಕರಲ್ಲಿ ಹಲವರು ಹಾಲೆಂಡಿನ ಲೈಡನ್ ನಗರದಲ್ಲಿ ನೆಲಸಿದ್ದವರಾದ ಕಾರಣ, ಅಲ್ಲಿಯ ವಿವಾಹದಾಖಲೆಯಲ್ಲಿ ಕಂಡ ಹೋಲುವ ಹೆಸರಿನ ವರನೊಬ್ಬನನ್ನು ಈ ಜಾನ್ ಟಿಲಿಯೆಂದು ಗ್ರಹಿಸಿ, ಅವನ ಡಚ್ ವಧುವನ್ನು ಎಲಿಜಬೆತಳ ತಾಯಿಯೆಂದೋ ಮಲತಾಯಿಯೆಂದೋ ಬರೆದ ವಂಶಾವಳಿಗಳು ಬಹುಕಾಲ ಪ್ರಚಾರದಲ್ಲಿದ್ದುವು.

ಈ ಗಂಟು ಬಿಚ್ಚಿದುದು 1976ರಲ್ಲಿ. ‘ದಿ ಅಮೆರಿಕನ್ ಜೀನಿಯಾಲಜಿಸ್ಟ್’ ಎಂಬ ನಿಯತಕಾಲಿಕದಲ್ಲಿ ರಾಬರ್ಟ್ ಲೀ ವಾರ್ಡ್, ಏಳು ಮಂದಿ ಮೇಫ್ಲವರ್ ಯಾತ್ರಿಕರ ಇಂಗ್ಲಿಷ್ ಮೂಲವನ್ನು ಬೆಡ್‌ಫರ್ಡ್‌ಷೈರಿನ ಹೆನ್ಲೊ ಎಂಬ ಒಂದೇ ಹಳ್ಳಿಯ ಚರ್ಚಿನ ಪುಸ್ತಕದ ಆಧಾರದಿಂದ ನಿರೂಪಿಸಿದರು. ಅದರ ಪ್ರಕಾರ ಜಾನ್ ಟಿಲಿ ರಾಬರ್ಟ್ ಮತ್ತು ಎಲಿಜಬೆತ್ ಟಿಲಿಯವರ ಮಗನಾಗಿ 1571ರ ಡಿಸೆಂಬರಿನಲ್ಲಿ ಹೆನ್ಲೊದಲ್ಲಿ ದೀಕ್ಷಾಸ್ನಾನ ಪಡೆದವನು. 1596ರ ಸೆಪ್ಟೆಂಬರ್ 20ರಂದು ಅದೇ ಚರ್ಚಿನಲ್ಲಿ ಜೋನ್ ಎಂಬ ವಿಧವೆಯನ್ನು ವರಿಸಿದ. ಈ ಜೋನ್ ವಿಲಿಯಮ್ ಹರ್ಸ್ಟನ ಮಗಳು. ಆಕೆಯ ಮೊದಲ ಪತಿಯ ಹೆಸರು ಥಾಮಸ್ ರೋಜರ್ಸ್. ಈ ದಂಪತಿಗಳ ಮಗಳಾದ ಎಲಿಜಬೆತ್‌ಗೆ 1607ರ ಆಗಸ್ಟ್ 30ರಂದು ದೀಕ್ಷಾಸ್ನಾನವಾಯಿತು. ಮೇಫ್ಲವರ್ ಯಾತ್ರಿಕರಲ್ಲಿಯೂ ಒಬ್ಬ ಥಾಮಸ್ ರೋಜರ್ಸ್ ಇದ್ದನಾದರೂ, ಅವನು ನಾರ್ಥಾಂಪ್ಟನ್‌ಷೈರಿನ ಬೇರೊಬ್ಬನೆಂಬುದನ್ನು ಗಮನಿಸದೆ ಹೋದರೆ ಅನ್ವೇಷಕನು ಮತ್ತೊಮ್ಮೆ ದಾರಿತಪ್ಪುವುದು ನಿಶ್ಚಯ.

ಹೆಸರೊಂದು ಹೊಂದಿಕೊಂಡಮಾತ್ರಕ್ಕೆ ವಂಶ ಸಿದ್ಧವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಜಾನ್ ಎಂಬವರಿಗೂ ಎಲಿಜಬೆತ್ ಎಂಬವರಿಗೂ ಕೊರತೆಯಿರಲಿಲ್ಲ. ಹೆನ್ಲೊದ ಸಾಕ್ಷ್ಯ ನಿರ್ಣಾಯಕವಾದುದು ಹೆಸರುಗಳ ಸಮುಚ್ಚಯದಿಂದ. ಎಡ್ವರ್ಡ್ ಟಿಲಿ ಹಾಗೂ ಅವನ ಪತ್ನಿ ಆನ್ ತಮ್ಮ ಬಂಧುಗಳಾದ ಹೆನ್ರಿ ಸ್ಯಾಮ್ಸನ್, ಹ್ಯುಮಿಲಿಟಿ ಕೂಪರ್ ಎಂಬ ಇಬ್ಬರು ಮಕ್ಕಳನ್ನು ಕರೆತಂದರೆಂದು ಬ್ರಾಡ್‌ಫರ್ಡ್ ಬರೆದಿದ್ದಾನೆ. ಎಡ್ವರ್ಡನ ದೀಕ್ಷಾಸ್ನಾನ, ಆಗ್ನೆಸ್ ಕೂಪರಳೊಡನೆ 1614ರಲ್ಲಿ ಅವನ ವಿವಾಹ, ಆಗ್ನೆಸಳ ಸೋದರಿಯ ಮಗನಾದ ಹೆನ್ರಿ ಸ್ಯಾಮ್ಸನ್ನನ ದೀಕ್ಷಾಸ್ನಾನ ಎಲ್ಲವೂ ಹೆನ್ಲೊದ ಪುಸ್ತಕದಲ್ಲಿಯೇ ದೊರೆತುವು. ಆಗ್ನೆಸ್, ಆನ್ ಎಂಬವು ಆ ಕಾಲದಲ್ಲಿ ಒಂದರ ಬದಲು ಇನ್ನೊಂದು ಬಳಕೆಯಾಗುತ್ತಿದ್ದ ಹೆಸರುಗಳು. ಸಾಗರದ ಆಚೆಯಲ್ಲಿ ಬರೆದ ಪಟ್ಟಿಯೂ ಈಚೆಯ ಹಳ್ಳಿಯ ಪುಸ್ತಕವೂ ಪರಸ್ಪರ ಅರಿಯದೆಯೇ ಒಂದೇ ಬಂಧುವರ್ಗವನ್ನು ಹೇಳುತ್ತಿರುವಾಗ ಅದನ್ನು ಆಕಸ್ಮಿಕವೆನ್ನಲಾಗದು.

ಮರಣಶಾಸನದ ಸಾಕ್ಷ್ಯ

ಈ ನಿರ್ಣಯವನ್ನು ದೃಢಪಡಿಸುವ ಮತ್ತೊಂದು ಪ್ರಮಾಣ ಎಲಿಜಬೆತಳ ಉಯಿಲಿನಲ್ಲಿದೆ. 1686ರ ಡಿಸೆಂಬರ್ 17ರಂದು ಬರೆಯಿಸಿದ ಆ ಪತ್ರದಲ್ಲಿ ಆಕೆ ತನಗೆ ಎಪ್ಪತ್ತೊಂಬತ್ತು ವರ್ಷವೆಂದು ಹೇಳಿಕೊಂಡಿದ್ದಾಳೆ. 1607ರ ಆಗಸ್ಟಿನ ದೀಕ್ಷಾಸ್ನಾನದಿಂದ ಎಣಿಸಿದರೆ ವಯಸ್ಸು ಅಷ್ಟೇ ಆಗುತ್ತದೆ. ಮುಪ್ಪಿನಲ್ಲಿ ತಮ್ಮ ವಯಸ್ಸನ್ನು ಹತ್ತಾರು ವರ್ಷ ಹಿಗ್ಗಿಸಿ ಹೇಳುವುದು ಸರ್ವಸಾಮಾನ್ಯವಾಗಿದ್ದ ಕಾಲದಲ್ಲಿ ಇಷ್ಟು ಕರಾರುವಾಕ್ಕಾದ ಹೊಂದಾಣಿಕೆ ಅಪೂರ್ವ.

ಆಸ್ತಿಯ ಹಂಚಿಕೆಯಲ್ಲಿ ಹಾಸಿಗೆ, ಕಂಬಳಿ, ಹೊದಿಕೆಯ ಬಟ್ಟೆ, ಕಬ್ಬಿಣದ ಪಾತ್ರೆ, ಹಿತ್ತಾಳೆಯ ಹಂಡೆ ಮುಂತಾದ ಗೃಹೋಪಕರಣಗಳೊಡನೆ ಗ್ರಂಥಗಳೂ ಇವೆ. ಹಿರಿಯ ಮಗ ಜಾನನಿಗೆ ಟಿಂಡೇಲನ ಕೃತಿಗಳು, ಇನ್ನೊಬ್ಬ ಮಗ ಐಸಾಕನಿಗೆ ರೋಮನ್ನರಿಗೆ ಬರೆದ ಪತ್ರಿಕೆಯ ಮೇಲಿನ ವಿಲ್ಸನ್ನನ ವ್ಯಾಖ್ಯಾನ, ಅಳಿಯ ಜೇಮ್ಸ್ ಬ್ರೌನನಿಗೆ ದೊಡ್ಡ ಬೈಬಲ್ ಸಂದುವು. ಇಂತಹ ಗ್ರಂಥಗಳ ಒಡತಿಯಾಗಿಯೂ ಆಕೆ ಉಯಿಲಿಗೆ ಸಹಿ ಹಾಕದೆ ಗುರುತನ್ನು ಮಾತ್ರ ಮಾಡಿದ್ದಾಳೆ. ಓದುವುದನ್ನು ಕಲಿಸಿ ಬರೆಯುವುದನ್ನು ಕಲಿಸದೆ ಬಿಡುವುದು ಆಗಿನ ಸ್ತ್ರೀಶಿಕ್ಷಣದ ವಾಡಿಕೆಯಾಗಿದ್ದುದರಿಂದ ಇದರಲ್ಲಿ ವಿರೋಧವೇನೂ ಇಲ್ಲ. ವಂಶಶಾಸ್ತ್ರದ ದೃಷ್ಟಿಯಿಂದ ಮಿಗಿಲಾಗಿ ಬೆಲೆಯುಳ್ಳದ್ದು, ಬದುಕಿದ್ದ ಹೆಣ್ಣುಮಕ್ಕಳನ್ನು ಲಿಡಿಯಾ ಬ್ರೌನ್, ಎಲಿಜಬೆತ್ ಡಿಕಿನ್ಸನ್, ಹ್ಯಾನಾ ಬಾಸ್‌ವರ್ತ್ ಎಂದು ಗಂಡನ ಮನೆಯ ಹೆಸರುಗಳೊಡನೆ ನಮೂದಿಸಿರುವುದು. ಬೇರೆಬೇರೆ ಮನೆತನಗಳಲ್ಲಿ ಕರಗಿಹೋದ ಹೆಣ್ಣುಮಕ್ಕಳು ಒಬ್ಬ ತಾಯಿಯ ಮಕ್ಕಳೆಂಬುದನ್ನು ಇಂತಹ ಪತ್ರಗಳಲ್ಲದೆ ಮತ್ತಾವುದೂ ಹೇಳಲಾರದು.

ಸ್ತ್ರೀವಂಶಾನ್ವೇಷಣೆಯ ಆಕರಗಳು, ತೊಡಕುಗಳು

ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಇಂಗ್ಲೆಂಡಿನ ಪ್ರತಿಯೊಂದು ಪ್ಯಾರಿಷ್ ಚರ್ಚೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ಲೆಕ್ಕವನ್ನಿಡತೊಡಗಿತು. 1598ರಿಂದ ಚರ್ಮಪತ್ರದ ಪುಸ್ತಕಗಳಲ್ಲಿ ಬರೆದು, ವರ್ಷಕ್ಕೊಮ್ಮೆ ಬಿಷಪ್ಪನಿಗೆ ನಕಲನ್ನು ಕಳುಹಿಸುವ ಪದ್ಧತಿ ರೂಢಿಗೆ ಬಂದಿತು. ಮೂಲಪುಸ್ತಕ ಗೆದ್ದಲಿಗೋ ತೇವಕ್ಕೋ ತುತ್ತಾದಾಗ ಈ ನಕಲುಗಳೇ ಆಧಾರ. ಇಂಗ್ಲೆಂಡಿನಲ್ಲಿ ಕೌಂಟಿ ಮಟ್ಟದ ದಾಖಲೆ ಕಚೇರಿ ಮೊತ್ತಮೊದಲಿಗೆ 1913ರಲ್ಲಿ ಸ್ಥಾಪಿತವಾದದ್ದು ಬೆಡ್‌ಫರ್ಡ್‌ಷೈರಿನಲ್ಲಿ. ಹೆನ್ಲೊದಂತಹ ಸಣ್ಣ ಊರುಗಳ ಪುಸ್ತಕಗಳು ವಿದ್ವಾಂಸರಿಗೆ ಸುಲಭವಾಗಿ ದೊರೆಯುವಂತಾದುದರಲ್ಲಿ ಇಂತಹ ಕಚೇರಿಗಳ ಉಪಕಾರ ದೊಡ್ಡದು.

ಕಾಲಗಣನೆಯಲ್ಲಿಯೂ ಎಚ್ಚರ ಬೇಕು. 1752ರ ವರೆಗೆ ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ವರ್ಷಾರಂಭವಾಗುತ್ತಿದ್ದುದು ಮಾರ್ಚ್ 25ರಂದು. ಆದ್ದರಿಂದ ಜಾನ್ ಹೌಲಂಡನ ಮರಣದಿನ ಅಂದಿನ ಲೆಕ್ಕದಲ್ಲಿ 1672ರ ಫೆಬ್ರವರಿ 23. ಇಂದಿನ ರೀತಿಯಲ್ಲಿ ವರ್ಷ 1673. ಹದಿನೇಳನೆಯ ಶತಮಾನದಲ್ಲಿ ಅಂದಿನ ಮತ್ತು ಇಂದಿನ ಪಂಚಾಂಗಗಳ ನಡುವೆ ಹತ್ತು ದಿನಗಳ ಅಂತರವೂ ಉಂಟು. ಇದನ್ನು ಮರೆತವರು ಮದುವೆಗೆ ಮುಂಚೆಯೇ ಮಗುವನ್ನು ಹುಟ್ಟಿಸಿ, ಸತ್ತವರಿಂದ ಉಯಿಲು ಬರೆಯಿಸಿದ ಉದಾಹರಣೆಗಳು ವಂಶಾವಳಿಗಳಲ್ಲಿ ವಿರಳವಲ್ಲ.

ಸ್ತ್ರೀಯರ ವಿಷಯದಲ್ಲಿ ಮೂಲಭೂತವಾದ ತೊಡಕು ಕಾನೂನಿನದು. ಇಂಗ್ಲಿಷ್ ನ್ಯಾಯದ ಪ್ರಕಾರ ವಿವಾಹಿತೆಯ ವ್ಯಕ್ತಿತ್ವ ಪತಿಯಲ್ಲಿ ಲೀನವಾಗುತ್ತಿತ್ತು. ಅವಳ ಹೆಸರಿನಲ್ಲಿ ಸ್ವತ್ತಿಲ್ಲ, ಕರಾರಿಲ್ಲ, ಪತಿಯ ಸಮ್ಮತಿಯಿಲ್ಲದೆ ಉಯಿಲೂ ಇಲ್ಲ. ಹೀಗಾಗಿ ಸ್ತ್ರೀ ದಾಖಲೆಗಳಲ್ಲಿ ಸ್ವತಂತ್ರವಾಗಿ ಕಾಣಿಸಿಕೊಳ್ಳುವುದು ದೀಕ್ಷಾಸ್ನಾನದ ದಿನ, ಮದುವೆಯ ದಿನ ಮತ್ತು ವಿಧವೆಯಾದ ನಂತರ ಮಾತ್ರ. ಎಲಿಜಬೆತ್ ದೀರ್ಘಾಯುಷಿಯಾಗಿ ವಿಧವೆಯಾದುದರಿಂದಲೇ ಆಕೆಯ ಸ್ವಂತ ಮಾತು ನಮಗೆ ಉಳಿಯಿತು; ಪತಿಗಿಂತ ಮೊದಲು ಗತಿಸಿದ್ದರೆ ಆ ಉಯಿಲಾಗಲಿ ವಯಸ್ಸಿನ ಸಾಕ್ಷ್ಯವಾಗಲಿ ಇರುತ್ತಿರಲಿಲ್ಲ.

ಇತ್ತೀಚೆಗೆ ಬಳಕೆಗೆ ಬಂದಿರುವ ಡಿಎನ್‌ಎ ಪರೀಕ್ಷೆಯಲ್ಲಿ, ತಾಯಿಯಿಂದ ಮಕ್ಕಳಿಗೆ ಇಳಿದು ಮಗಳಿಂದ ಮಾತ್ರ ಮುಂದುವರಿಯುವ ಮೈಟೋಕಾಂಡ್ರಿಯದ ಅಂಶ ಸ್ತ್ರೀಪರಂಪರೆಗೆ ವಿಶೇಷವಾಗಿ ಉಪಯುಕ್ತ. ಆದರೆ ಅದು ಮಾತೃವಂಶದ ಸಾಮಾನ್ಯತೆಯನ್ನು ತೋರಬಲ್ಲುದೇ ಹೊರತು ವ್ಯಕ್ತಿಯ ಹೆಸರನ್ನಾಗಲಿ ಊರನ್ನಾಗಲಿ ಹೇಳಲಾರದು. ಅಕ್ಷರದ ಸಾಕ್ಷ್ಯಕ್ಕೆ ಅದು ಪೂರಕವೇ ವಿನಾ ಬದಲಿಯಲ್ಲ.

ಸಮಕಾಲೀನ ಮಹಿಳೆಯರು

ಎಲಿಜಬೆತಳೊಡನೆ ಹಡಗಿನಲ್ಲಿದ್ದ ಕಾನ್‌ಸ್ಟನ್ಸ್ ಹಾಪ್‌ಕಿನ್ಸಳ ದೀಕ್ಷಾಸ್ನಾನದ ದಾಖಲೆ ಹ್ಯಾಂಪ್‌ಷೈರಿನ ಹರ್ಸ್ಲಿ ಎಂಬಲ್ಲಿ ದೊರೆತದ್ದು 1998ರಲ್ಲಿ ಪ್ರಕಟವಾಯಿತು. ವಸಾಹತಿನಲ್ಲಿ ಮೊದಲು ವಿವಾಹವಾದ ವಧು ಸೂಸನ್ನಾ ವೈಟಳನ್ನು ಫುಲ್ಲರ್ ಮನೆತನದವಳೆಂದು ತಿಳಿದಿದ್ದ ವಿದ್ವಾಂಸರು, ಆಕೆ ಸ್ಕ್ರೂಬಿಯ ರಿಚರ್ಡ್ ಜಾಕ್‌ಸನ್ನನ ಮಗಳೆಂಬುದನ್ನು ಇಪ್ಪತ್ತೊಂದನೆಯ ಶತಮಾನದಲ್ಲಿ ಒಪ್ಪಿಕೊಂಡರು. ಇವರಿಗೆ ವ್ಯತಿರಿಕ್ತವಾಗಿ, ಧಾರ್ಮಿಕ ವಿವಾದದಿಂದ ಬಹಿಷ್ಕೃತಳಾದ ಆನ್ ಹಚಿನ್ಸನ್ ಲಿಂಕನ್‌ಷೈರಿನ ಆಲ್ಫರ್ಡಿನಲ್ಲಿ ಪಾದ್ರಿ ಫ್ರಾನ್ಸಿಸ್ ಮಾರ್ಬರಿಯ ಮಗಳಾಗಿ 1591ರಲ್ಲಿ ಜನಿಸಿದ್ದು ಎಂದೂ ಸಂದೇಹಕ್ಕೆ ಒಳಗಾಗಲಿಲ್ಲ. ಕುಲೀನರ ವಂಶ ಮೊದಲಿನಿಂದಲೂ ಲಿಖಿತವಾಗಿತ್ತು. ದಕ್ಷಿಣದ ವರ್ಜೀನಿಯಾಕ್ಕೆ 1621ರಲ್ಲಿ ವಧುಗಳಾಗಿ ಕಳುಹಿಸಲ್ಪಟ್ಟ 57 ಕನ್ಯೆಯರ ಹೆಸರು, ವಯಸ್ಸು, ಕುಲಗಳ ಪಟ್ಟಿ ಕೇಂಬ್ರಿಜ್ಜಿನ ಮ್ಯಾಗ್ಡಲೀನ್ ಕಾಲೇಜಿನಲ್ಲಿರುವ ಫೆರರ್ ಪತ್ರಸಂಗ್ರಹದಲ್ಲಿ ಉಳಿದುಬಂದಿದೆ.

ಸಂತತಿ ಮತ್ತು ಸಂಶೋಧನಸಂಸ್ಥೆಗಳು

1845ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪಿತವಾದ ನ್ಯೂ ಇಂಗ್ಲೆಂಡ್ ವಂಶೇತಿಹಾಸ ಸಂಘ ಅಮೆರಿಕದಲ್ಲಿ ಈ ಶಾಸ್ತ್ರದ ಅತಿ ಹಳೆಯ ಸಂಸ್ಥೆ. 1897ರಲ್ಲಿ ಮೇಫ್ಲವರ್ ವಂಶಜರ ಮಹಾಸಂಘವೂ, ಜಾನ್ ಹೌಲಂಡ್ ಸಂಘವೂ ಹುಟ್ಟಿದುವು. ಜಾರ್ಜ್ ಅರ್ನೆಸ್ಟ್ ಬೌಮನ್ 1899ರಲ್ಲಿ ಆರಂಭಿಸಿದ ‘ಮೇಫ್ಲವರ್ ಡಿಸೆಂಡೆಂಟ್’ ಪತ್ರಿಕೆ ಉಯಿಲುಗಳನ್ನೂ ಚರ್ಚಿನ ದಾಖಲೆಗಳನ್ನೂ ಅಕ್ಷರಶಃ ಮುದ್ರಿಸಿ, ಐತಿಹ್ಯದ ಎಡೆಯಲ್ಲಿ ಮೂಲಪತ್ರವನ್ನು ನಿಲ್ಲಿಸುವ ಸಂಪ್ರದಾಯವನ್ನು ಭದ್ರಪಡಿಸಿತು. ಜೇಬೆಜ್ ಹೌಲಂಡನ ಮನೆ ಪ್ಲಿಮತ್ತಿನಲ್ಲಿ ಈಗಲೂ ನಿಂತಿದ್ದು, ಮೇಫ್ಲವರ್ ಯಾತ್ರಿಕರು ವಾಸಿಸಿದ, ಆ ಊರಿನಲ್ಲಿ ಉಳಿದಿರುವ ಏಕೈಕ ಮನೆಯೆಂದು ಪರಿಗಣಿತವಾಗಿದೆ.

ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ತಂದೆಮಕ್ಕಳಾದ ಇಬ್ಬರು ಜಾರ್ಜ್ ಬುಷ್‌ರು, ದಾರ್ಶನಿಕ ಎಮರ್ಸನ್, ಮಾರ್ಮನ್ ಪಂಥದ ಪ್ರವರ್ತಕ ಜೋಸೆಫ್ ಸ್ಮಿತ್ ಮುಂತಾದವರು ಎಲಿಜಬೆತ್ ದಂಪತಿಗಳ ಸಂತತಿಗೆ ಸೇರಿದವರು. ಇದರಲ್ಲಿ ಅತಿಶಯವೇನಿಲ್ಲ. ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬನಿಗೂ ಆ ಒಂದೇ ಹಂತದಲ್ಲಿ 4,096 ಪೂರ್ವಜಸ್ಥಾನಗಳಿರುವಾಗ, ಹತ್ತು ಮಕ್ಕಳ ತಾಯಿಯೊಬ್ಬಳು ಅವುಗಳಲ್ಲಿ ಒಂದನ್ನು ಲಕ್ಷಾಂತರ ಜನರ ಪಾಲಿಗೆ ತುಂಬುವುದು ಗಣಿತದ ಸಹಜಪರಿಣಾಮ. ಎಲಿಜಬೆತಳ ವಂಶಾನ್ವೇಷಣೆಯ ನಿಜವಾದ ಮಹತ್ತ್ವ ಈ ಖ್ಯಾತನಾಮರ ಪಟ್ಟಿಯಲ್ಲಿಲ್ಲ. ಕೀರ್ತಿಗಾಗಿ ಅಲ್ಲದೆ ನಿತ್ಯಕರ್ತವ್ಯವಾಗಿ ಬರೆದಿಟ್ಟ ಚರ್ಚಿನ ಪುಸ್ತಕ, ದನಗಳ ಹಂಚಿಕೆಯ ಪಟ್ಟಿ, ವಿಧವೆಯೊಬ್ಬಳ ಉಯಿಲು ಇವು ಕಲ್ಲಿನಲ್ಲಿ ಕೆತ್ತಿದ ಕುಟುಂಬಗೌರವಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವೆಂಬುದನ್ನು ಅದು ಸಿದ್ಧಪಡಿಸಿತು. ಗವರ್ನರನ ಮಗಳೆಂಬ ಪದವಿಯನ್ನು ಕಳೆದು, ಹೆನ್ಲೊ ಗ್ರಾಮದ ಜೋನ್ ಹರ್ಸ್ಟ್ ಎಂಬ ತಾಯಿಯನ್ನು ಆಕೆಗೆ ಹಿಂದಿರುಗಿಸಿತು.